ಹರಪನಹಳ್ಳಿ ದಾಟಿದ ನಿದ್ದೆ

ಯಾರಾದರೂ ನನ್ನನ್ನು ಕನಿಕರದಿಂದ ನೋಡಿದರೆ ಈಗಲೂ ಮೈ ಉರಿಯುತ್ತದೆ. ಬೈದರೆ ತಡೆದುಕೊಳ್ಳುತ್ತೇನೆ, ಬೈಸಿಕೊಂಡು ರೂಢಿಯಿದೆ. ಕನಿಕರ ಮಾತ್ರ ಬೇಡ. ಅದು ನನ್ನ ಒಂದು ವರ್ಷವನ್ನು ನುಂಗಿದೆ.

ಮನೆ ಕೊಟ್ಟೂರಿನಲ್ಲಿ, ಕಾಲೇಜು ಹರಪನಹಳ್ಳಿಯಲ್ಲಿ. ದೊಡ್ಡಮ್ಮ ತನ್ನ ಮನೆಯಲ್ಲೇ ಇರಿಸಿಕೊಂಡು ಓದಿಸುತ್ತೇನೆ ಅಂದಿದ್ದಕ್ಕೆ ಅಲ್ಲಿ ಬಿ.ಕಾಂ. ಸೇರಿದ್ದೆ. ಮೊದಲ ವರ್ಷ ಮುಗಿಯುವುದರೊಳಗೆ ಅವಳಿಗೆ ನಾನು ಭಾರವಾದೆ. ಅಂದಿನಿಂದ ಬೆಳಿಗ್ಗೆ ಬಸ್ಸು ಹತ್ತಿ ಹೋಗುವುದು, ಮಧ್ಯಾಹ್ನ ಬಸ್ಸು ಹತ್ತಿ ಬರುವುದು, ಬಂದವಳು ಮನೆಗೂ ಹೋಗದೆ ಜವಳಿ ಅಂಗಡಿಗೆ. ಅಪ್ಪ ಇಲ್ಲದ ಮನೆ, ಅವ್ವನ ಹೊಲಿಗೆ ಮಷಿನ್ ಒಂದರಿಂದಲೇ ನಡೆಯುವಂಥದ್ದಲ್ಲ.

ಅಂಗಡಿಯಲ್ಲಿ ನಿಂತೇ ಇರಬೇಕು. ಗಿರಾಕಿ ಇಲ್ಲದಾಗಲೂ ಕೂರುವಂತಿಲ್ಲ. ಹುಡುಗಿಯರು ಕೂತಿದ್ದರೆ ಅಂಗಡಿಗೆ ವ್ಯಾಪಾರವಿಲ್ಲ ಅಂತ ಜನ ಅಂದುಕೊಳ್ಳುತ್ತಾರಂತೆ, ಮಾಲೀಕರ ಲೆಕ್ಕಾಚಾರ ಅದು. ಕೂಡ್ಲಿಗಿಯಿಂದ, ಹಗರಿಬೊಮ್ಮನಹಳ್ಳಿಯಿಂದ ಮದುವೆ ಜವಳಿಗೆ ಬಂದವರು ಕಪಾಟು ಪೂರ್ತಿ ಕೆಳಗಿಳಿಸಿ, ಕೊನೆಗೆ ಮೊದಲು ನೋಡಿದ ಸೀರೆಯನ್ನೇ ಒಯ್ಯುತ್ತಿದ್ದರು. ಉಳಿದಿದ್ದನ್ನೆಲ್ಲ ಮಡಚುವವಳು ನಾನು.

ಮೊದಮೊದಲು ಇದು ಬರೀ ದಣಿವು ಅಂದುಕೊಂಡಿದ್ದೆ. ದಣಿವಾಗಿದ್ದರೆ ಮಲಗಿದರೆ ಹೋಗಬೇಕಲ್ಲ. ರಜೆಯ ದಿನ ಬೆಳಗಿನಿಂದ ಬಿದ್ದುಕೊಂಡರೂ ಮರುದಿನ ಏಳುವಾಗ ಅಳು ಬರುತ್ತಿತ್ತು. ಓದಿದ ಸಾಲನ್ನೇ ಮತ್ತೆ ಮತ್ತೆ ಓದುತ್ತಿದ್ದೆ, ತಲೆಗೆ ಹತ್ತುತ್ತಿರಲಿಲ್ಲ. ಅವ್ವ ಊಟಕ್ಕೆ ಕರೆದರೆ ಸಿಟ್ಟು, ಕರೆಯದಿದ್ದರೆ ಅದಕ್ಕೂ ಸಿಟ್ಟು. “ರಕ್ತ ಕಡಿಮಿ ಆಗೇತಿ, ಶೇಂಗಾ ಬೆಲ್ಲ ತಿನ್ನು” ಎಂದು ಅವ್ವ ಡಬ್ಬಿ ತುಂಬಿಕೊಡುತ್ತಿದ್ದಳು. ಶೇಂಗಾ ಬೆಲ್ಲದಿಂದ ವಾಸಿಯಾಗುವ ಕಾಯಿಲೆ ಅದಾಗಿರಲಿಲ್ಲ.

ಹೊರಬರಲು ಇದ್ದದ್ದು ಒಂದೇ ದಾರಿ. ಹಡಗಲಿಯ ಸೊಸೈಟಿಯೊಂದರಲ್ಲಿ ಪರಿಚಯದವರಿದ್ದರು. ಈ ಸಲ ಡಿಗ್ರಿ ಪಾಸಾಗಿ ಬಂದರೆ ಕೆಲಸ ಕೊಡಿಸುತ್ತೇನೆ ಅಂದಿದ್ದರು. ಕುರ್ಚಿಯಲ್ಲಿ ಕೂತು ಮಾಡುವ ಕೆಲಸ. ಆ ಕುರ್ಚಿಯನ್ನು ನೆನೆದುಕೊಂಡೇ ಕೊನೆಯ ಸೆಮಿಸ್ಟರ್ ತಳ್ಳಿದೆ.

ಕೊನೆಯ ಪರೀಕ್ಷೆ ಆದಾಯ ತೆರಿಗೆಯದು. ತೆರಿಗೆ ಕಟ್ಟುವಷ್ಟು ಆದಾಯವನ್ನು ನಮ್ಮ ಮನೆಯಲ್ಲಿ ಯಾರೂ ಕಂಡಿಲ್ಲ, ಆದರೂ ಓದಬೇಕು. ಮದುವೆ ಸೀಸನ್ ಎಂದು ಮಾಲೀಕರು ಹಿಂದಿನ ದಿನವೂ ರಜೆ ಕೊಡಲಿಲ್ಲ. “ಪರೀಕ್ಷೆ ಮುಂಜಾನಿ ಐತಲ್ಲ, ಮುಗಿಸಿಕೊಂಡು ನಾಳೆನೂ ಬಾ” ಅಂದರು. ಓದಲು ನನಗೆ ಉಳಿದದ್ದು ಬಸ್ಸು ಮಾತ್ರ.

ಓದಬೇಕೆಂದರೆ ಸೀಟು ಬೇಕು. ಹೆಂಗಸರಿಗೆ ಟಿಕೆಟ್ ಪುಕ್ಕಟೆಯಾದ ಮೇಲೆ ಬಾಗಿಲಿನಿಂದ ಹತ್ತಿದವರಿಗೆ ಸೀಟು ಸಿಗುವ ಮಾತಿಲ್ಲ. ಹರಪನಹಳ್ಳಿ ಮೇಲೆ ಹೋಗುವ ದಾವಣಗೆರೆ ಬಸ್ಸು ತಿರುಗಿ ನಿಲ್ಲುವ ಮೊದಲೇ ಕಿಟಕಿಯಿಂದ ವೇಲ್ ಎಸೆದೆ. ಪಕ್ಕದ ಸೀಟಿನ ವಯಸ್ಸಾದ ಹೆಂಗಸು ಅದರ ಮೇಲೆ ಕೈಯಿಟ್ಟು, ನಾನು ಒಳಗೆ ನುಗ್ಗುವತನಕ ಕಾದುಕೊಟ್ಟಳು.

“ಎಲ್ಲಿಗವ್ವ?” ಎಂದು ಕೇಳಿದಳು.

“ಕಾಲೇಜಿಗ್ರಿ. ಪರೀಕ್ಷೆ ಐತಿ.”

“ಪಾಪ, ಮಾರಿ ನೋಡು ಹೆಂಗ ಬಾಡೈತಿ.”

ಪುಸ್ತಕ ತೆರೆದದ್ದು ನೆನಪಿದೆ. ಆಮೇಲಿನದು ನೆನಪಿಲ್ಲ.

ಎಚ್ಚರವಾದಾಗ ನನ್ನ ತಲೆ ಆಕೆಯ ಹೆಗಲ ಮೇಲಿತ್ತು. ಬಿಸಿಲು ಬೀಳದಂತೆ ಮುಖಕ್ಕೆ ಸೆರಗು ಮರೆ ಮಾಡಿದ್ದಳು. “ಏಳವ್ವ, ದಾವಣಗೆರಿ ಬಂತು” ಅಂದಳು.

ನಾನು ಕಿಟಕಿಯಾಚೆಯ ಬೋರ್ಡುಗಳನ್ನು ನೋಡಿದೆ. ಅವಳು ನಗುತ್ತ ಹೇಳಿದಳು: “ಕಂಡಕ್ಟರ್ ಎಬ್ಬಿಸಾಕ ಬಂದಿದ್ದ. ಎಬ್ಬಿಸಬ್ಯಾಡಪ್ಪ, ನನ್ನ ಮಗಳಿದ್ದಂಗ ಅದಾಳ, ಇಬ್ರಿಗೂ ದಾವಣಗೆರಿ ಕೊಡು ಅಂದೆ. ರೊಕ್ಕ ಏನ್ ಕೊಡೋದೈತಿ? ನನ್ನ ಮಗಳೂ ಪರೀಕ್ಷೆ ಬರಿಯಾಕ ಇಲ್ಲಿಗೇ ಬರ್ತಿದ್ಲು.”

ದುಡ್ಡು ಕೊಡುವ ಟಿಕೆಟ್ ಆಗಿದ್ದರೆ ಅವಳು ನನ್ನನ್ನು ಎಬ್ಬಿಸಿ, ಎಲ್ಲಿಗೆ ಅಂತ ಕೇಳುತ್ತಿದ್ದಳು. ದಿನಾ “ಹರಪನಳ್ಳಿ ಬಂತು, ಏಳವ್ವ” ಎಂದು ಕೂಗುತ್ತಿದ್ದ ಕಂಡಕ್ಟರ್ ಅಂದು ದಾವಣಗೆರೆ ಟಿಕೆಟ್ ಹರಿದ ಮೇಲೆ ನನ್ನ ತಂಟೆಗೇ ಬಂದಿರಲಿಲ್ಲ. ಯಾರ ಮೇಲೆ ಕೂಗಾಡಲಿ? ಇಳಿದು ಓಡಿದೆ.

ವಾಪಸು ಹರಪನಹಳ್ಳಿಗೆ ಬರುವಷ್ಟರಲ್ಲಿ ಒಳಗೆ ಬಿಡುವ ಹೊತ್ತು ಮೀರಿತ್ತು. ಗೇಟಿನಲ್ಲಿದ್ದ ಮೇಷ್ಟ್ರು, “ಬಸ್ಸಿನಾಗ ಮಲಗಿದ್ದೆ ಅಂತ ಹೇಳ್ತಿಯಲ್ಲ, ನಾಚಿಕಿ ಆಗಂಗಿಲ್ಲೇನು?” ಅಂದರು. ಆಗಲಿಲ್ಲ. ನಾಚಿಕೆಗೂ ಶಕ್ತಿ ಬೇಕು. ಕೊಟ್ಟೂರಿಗೆ ಬಂದು ಸೀದಾ ಅಂಗಡಿಗೆ ಹೋದೆ. “ಲಗೂ ಮುಗೀತಲ್ಲ, ಚಲೋ ಆತು” ಎಂದರು ಮಾಲೀಕರು. ಎದುರಿಗೆ ಸೀರೆಗಳ ಗುಡ್ಡೆ ಬಿದ್ದಿತ್ತು. ಮಡಚಿದೆ.

ಹಡಗಲಿಯ ಕುರ್ಚಿಯಲ್ಲಿ ಬೇರೆ ಯಾರೋ ಕೂತರು. ಬಿಟ್ಟ ಪರೀಕ್ಷೆ ಮತ್ತೆ ಬರೆಯಲು ಮುಂದಿನ ವರ್ಷದ ತನಕ ಕಾಯಬೇಕಿತ್ತು. ಅಂಗಡಿ ಹಾಗೆಯೇ ಮುಂದುವರಿಯಿತು. ಅವ್ವ ಒಂದೇ ಮಾತು ಅಂದಳು: “ನಿದ್ದಿಯಾದ್ರೂ ಆತಲ್ಲ.” ಆ ಮಾತಿಗೆ ಅವಳ ಜೊತೆ ಬಹಳ ದಿನ ಮಾತು ಬಿಟ್ಟೆ. ನಿಜ ಹೇಳಬೇಕೆಂದರೆ ಆ ಮೂರು ವರ್ಷದಲ್ಲಿ ನನಗೆ ಬಂದ ಒಳ್ಳೆಯ ನಿದ್ದೆ ಅದೊಂದೇ. ಅದಕ್ಕೇ ಇನ್ನಷ್ಟು ಸಿಟ್ಟು.

ಹೋದ ತಿಂಗಳು ಪರೀಕ್ಷೆಗೆ ಮತ್ತೆ ಅರ್ಜಿ ಹಾಕಲು ಕಾಲೇಜಿಗೆ ಹೊರಟಿದ್ದೆ. ಅದೇ ಬಸ್ಸಿನಲ್ಲಿ ಅದೇ ಹೆಂಗಸು. ನನ್ನ ಗುರುತು ಹಿಡಿದು, ಸರಿದು ಜಾಗ ಮಾಡಿದಳು.

“ಅವತ್ತು ಪರೀಕ್ಷೆ ಹೆಂಗಾತವ್ವ?”

ಅವಳಿಗೆ ಹೇಳಬೇಕೆಂದು ಮನಸ್ಸಿನಲ್ಲೇ ಎಷ್ಟೋ ಸಲ ಬೈದುಕೊಂಡಿದ್ದ ಮಾತುಗಳಿದ್ದವು. ಆದರೆ ಆ ಹೆಗಲು, ಆ ಸೆರಗು ಕಣ್ಣೆದುರಿಗೇ ಇದ್ದವು.

“ಚಲೋ ಆತ್ರಿ” ಅಂದೆ.

“ನಿದ್ದಿ ಆದ್ರ ತಲಿ ಓಡ್ತೈತಿ, ನನಗ ಗೊತ್ತಿತ್ತು” ಎಂದು ಅವಳು ಸೀಟು ತಟ್ಟಿದಳು. “ಬಾ, ಕುಂದ್ರು.”

“ಬ್ಯಾಡ್ರಿ. ನಿಂತು ರೂಢಿ ಐತಿ” ಎಂದು ಮೇಲಿನ ಕಂಬಿ ಹಿಡಿದೆ. ಹರಪನಹಳ್ಳಿ ಬರುವವರೆಗೂ ಅವಳು ಕೈಯಿಟ್ಟು ಕಾದ ಆ ಸೀಟು ಖಾಲಿಯೇ ಇತ್ತು.