‘ಪುಂಡಿ’ ಯಾರ ಹೆಸರಿನಲ್ಲಿ?

ಕುಮಟಾದ ಸರಕಾರಿ ಕಚೇರಿಯಲ್ಲಿ ಗುಮಾಸ್ತರು ನನ್ನ ಅರ್ಜಿಯಲ್ಲಿ ವ್ಯಾಪಾರದ ಹೆಸರಿನ ಮೇಲೆ ಬೆರಳಿಟ್ಟು, “ಪುಂಡಿ ಅಂದ್ರೆ ಎಂತದು? ಪುಂಡನ ಹೆಂಡ್ತಿಯಾ?” ಎಂದು ಕೇಳಿದರು. ಹಿಂದೆ ಸಾಲಿನಲ್ಲಿದ್ದವರು ನಕ್ಕರು. ನನಗೆ ನಗು ಬರಲಿಲ್ಲ. ಹಾವೇರಿಯಿಂದ ಬಸ್ಸು ಹತ್ತಿದರೆ ಅರ್ಧ ದಿನದ ದಾರಿ. ಇಲ್ಲಿಯವರು ಆಡುವುದೂ ಕನ್ನಡವೇ. ಆದರೆ ನಾವು ವಾರಕ್ಕೆ ನಾಲ್ಕು ಸಲ ರೊಟ್ಟಿಯ ಜೊತೆ ಉಣ್ಣುವ ಸೊಪ್ಪಿನ ಹೆಸರು ಈ ಕೋಣೆಯಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ.

“ಗಿಡಾ ರೀ ಅದು. ಎಲಿ ಪಲ್ಯಾ ಮಾಡ್ತೀವಿ. ಕಡ್ಡಿ ನೀರಾಗ ಕೊಳಿಹಾಕಿ, ನಾರು ತಗದು ಹಗ್ಗಾ ಹೊಸೀತೀವಿ,” ಎಂದೆ.

“ಹಗ್ಗ ಅಂದ್ರೆ ಬಳ್ಳಿ ಅಲ್ದಾ? ಇರ್ಲಿ. ಹೆಸ್ರು ಎಂತದಾದ್ರೂ ಇಟ್ಕಳಿ, ವಿಳಾಸದ ಕಾಗದ ಎಲ್ಲಿ? ಮನೆ ಯಜಮಾನ್ರ ಪತ್ರ ಬೇಕು.”

ಊರಿನಲ್ಲಿರುವ ನಿಮಗೆ ಇದೆಲ್ಲ ಮೊದಲಿನಿಂದ ಹೇಳಬೇಕು. ಗಂಡನಿಗೆ ಕುಮಟಾದ ಗ್ಯಾರೇಜಿನಲ್ಲಿ ವೆಲ್ಡಿಂಗ್ ಕೆಲಸ ಸಿಕ್ಕಿ ನಾವು ಘಟ್ಟ ಇಳಿದದ್ದು ಎರಡು ಸಾವಿರದ ಎರಡರಲ್ಲಿ. ಮಿರ್ಜಾನದಲ್ಲಿ ಗೌರಕ್ಕ ಎಂಬವರ ಮನೆಯ ಹಿಂದಿನ ಕೋಣೆ ಬಾಡಿಗೆಗೆ ಸಿಕ್ಕಿತು. ನಮ್ಮಲ್ಲಿ ಬಾಗಿಲಿಗೆ ಬಂದು ನಿಂತರೆ ಓಣಿಯ ಆ ತುದಿಯವರೂ ಮಾತಿಗೆ ಸಿಗುತ್ತಾರೆ. ಇಲ್ಲಿಯ ಮನೆಗಳು ಒಂದು ಇನ್ನೊಂದರ ಮುಖ ನೋಡುವುದಿಲ್ಲ. ಪ್ರತಿಯೊಂದೂ ತನ್ನ ಬೇಲಿಯೊಳಗೆ, ತನ್ನ ತೆಂಗಿನ ಮರಗಳ ನಡುವೆ. ಕಣ್ಣು ಹಾಯಿಸಲು ಬಯಲಿಲ್ಲ. ಗಂಡ ಬೆಳಿಗ್ಗೆ ಹೋದರೆ ಸಂಜೆಯವರೆಗೆ ನಾನು, ಆ ಕೋಣೆ, ಒಲೆ. ಗೌರಕ್ಕ ಒಳ್ಳೆಯವರು, ಮೀನುಸಾರು ಮಾಡಿದ ದಿನ ನನಗಾಗಿ ಬೇರೆ ಪಾತ್ರೆಯಲ್ಲಿ ಬಸಳೆ ಬೇಯಿಸುತ್ತಿದ್ದರು. ಆದರೂ ಅವರು ಯಾರಿಗಾದರೂ ನನ್ನ ಗುರುತು ಹೇಳುವಾಗ, “ಘಟ್ಟದ ಮೇಲಿನವ್ಳು,” ಎನ್ನುತ್ತಿದ್ದರು. ಅಲ್ಲಿಗೆ ಮಾತು ಮುಗಿಯುತ್ತಿತ್ತು.

ಹೊತ್ತು ಹೋಗದೆ ಹಗ್ಗ ಹೊಸೆಯತೊಡಗಿದೆ. ಅದು ನನ್ನ ತವರಿನ ಕಸುಬು. ಮೈದುನ ಊರಿನ ಹೊಲದ ಬದುವಿನಲ್ಲಿ ಬೆಳೆದ ಪುಂಡಿಯ ನಾರನ್ನು ಲಾರಿಯವರ ಕೈಯಲ್ಲಿ ಕಳಿಸುತ್ತಿದ್ದ. ಎತ್ತಿನ ಕೊರಳಿಗೆ ಕಟ್ಟುವ ಹಗ್ಗ ಇಲ್ಲಿ ಯಾರಿಗೆ ಬೇಕು? ಬಲೆಯಂತೆ ಹೆಣೆದು, ಎರಡು ಮರದ ನಡುವೆ ಕಟ್ಟಿ ಮಲಗುವ ಜೋಕಾಲಿ ಮಾಡಿದೆ. ಗೋಕರ್ಣದ ಕಡಲ ದಂಡೆಯ ಅಂಗಡಿಯವರೊಬ್ಬರು ಇಟ್ಟುಕೊಂಡರು. ವಿದೇಶದವರು ಬಂದು ಅದರಲ್ಲಿ ಮಲಗಿ ನೋಡಿ, ಕೊಂಡುಹೋದರು. ತಮ್ಮ ದೇಶಕ್ಕೆ ಮರಳಿದ ಮೇಲೂ ಬೇಕಾದರೆ ಎಲ್ಲಿ ಕೇಳಬೇಕು, ವೆಬ್‌ಸೈಟ್ ಇದೆಯೇ ಎಂದು ವಿಚಾರಿಸಿದರಂತೆ. ಆ ಮಾತು ನನ್ನ ತಲೆಯಲ್ಲಿ ಕುಳಿತುಬಿಟ್ಟಿತು. ನನ್ನದೊಂದು ಹೆಸರು, ನನ್ನೊಬ್ಬಳದೇ ವ್ಯಾಪಾರ, ಅದೇ ಹೆಸರಿನ ವೆಬ್‌ಸೈಟ್. ಹಾಗೆಂದೇ ನಾನು ಆ ದಿನ ಅರ್ಜಿ ಹಿಡಿದು ಕಚೇರಿಗೆ ಹೋದದ್ದು.

ಯಜಮಾನರ ಪತ್ರ ಎಂದೊಡನೆ ಗೌರಕ್ಕನ ಮುಖ ಬಿಗಿಯಿತು. “ಬರ್ದು ಕೊಡೂಕೆ ಆಗೂದಿಲ್ಲ ಮಾರಾಯ್ತಿ. ನಮ್ಮ ಮಾವನ ಗದ್ದೆ ಹೋದದ್ದು ಹಾಂಗೇಯ. ಗೇಣಿ ಮಾಡ್ತಿದ್ದವ್ರ ಹೆಸ್ರು ಕಾಗದದಲ್ಲಿ ಬಂತು, ಗದ್ದೆ ಅವರದ್ದೇ ಆತು. ನಿನ್ಮೇಲೆ ನಂಗೆಂತ ಸಿಟ್ಟಿಲ್ಲ. ಕಾಗದ ಮಾತ್ರ ಕೇಳ್ಬೇಡ.”

ಆಗ ದಾರಿ ತೋರಿಸಿದವರು ವಿನಾಯಕ. ಕುಮಟಾದ ಬಸ್‌ಸ್ಟ್ಯಾಂಡಿನ ಹತ್ತಿರ ಅವರದು ಕಂಪ್ಯೂಟರ್ ಅಂಗಡಿ. ಇಂಟರ್ನೆಟ್ ಆಗ ಫೋನಿನ ತಂತಿಯಲ್ಲಿ ಕಿರುಗುಟ್ಟುತ್ತ ಬರುತ್ತಿತ್ತು. “ನನ್ನ ಅಂಗಡಿ ವಿಳಾಸ ಹಾಕಿ ಶಾಂತಕ್ಕ. ವೆಬ್‌ಸೈಟ್‌ನೂ ನಾನೇ ಮಾಡಿಕೊಡ್ತೆ,” ಎಂದರು. ಒಂದೇ ತಿಂಗಳಲ್ಲಿ ‘ಪುಂಡಿ’ಯ ನೋಂದಣಿ ಪತ್ರ ಬಂತು. ಪರದೆಯ ಮೇಲೆ ಇಂಗ್ಲಿಷಿನಲ್ಲಿ ‘ಪುಂಡಿ’, ಕೆಳಗೆ ಜೋಕಾಲಿ ಹೆಣೆಯುತ್ತಿರುವ ನನ್ನ ಫೋಟೋ. ಆ ದಿನ ಗಂಡನಿಗೆ ಸಜ್ಜಕ ಮಾಡಿ ಬಡಿಸಿದೆ.

ಬೇಡಿಕೆಗಳು ಬಂದವು. ಬರುತ್ತಿದ್ದ ಪತ್ರಗಳೆಲ್ಲ ವಿನಾಯಕರ ಕಂಪ್ಯೂಟರಿಗೆ. ಅವರು ಓದಿ, ಉತ್ತರ ಬರೆದು, ನನಗೆ ಎಷ್ಟು ಬೇಕೆಂದು ಮಾತ್ರ ಹೇಳುತ್ತಿದ್ದರು. ಸ್ವಲ್ಪ ದಿನದ ಮೇಲೆ, ನಾರು ಬೇಡ, ತೆಂಗಿನ ಕತ್ತದಲ್ಲಿ ಮಾಡಿ ಎಂದರು. ಕತ್ತ ಮೈಗೆ ಚುಚ್ಚುತ್ತದೆ, ಪುಂಡಿನಾರಿನ ನಯ ಅದಕ್ಕಿಲ್ಲ ಎಂದೆ. “ಗಿರಾಕಿಗಳು ಕೇಳೂದು ಅದನ್ನೇ,” ಎಂದರು. ಬೆರಳು ಕಿತ್ತುಹೋಗುವಂತೆ ಕತ್ತ ಹೆಣೆದೆ.

ಅದೇಕೆಂದು ತಿಳಿದದ್ದು ಭಟ್ಕಳದಲ್ಲಿ. ಅಲ್ಲಿಯ ಮನೆಯೊಂದರಿಂದ ಜೋಕಾಲಿ ಬೇಕೆಂದು ಬೇಡಿಕೆ ಬಂದಿತ್ತು. ಒಪ್ಪಿಸಲು ಹೊನ್ನಾವರದಲ್ಲಿ ಬಸ್ಸು ಬದಲಿಸಿ ನಾನೇ ಹೋದೆ. ಆ ಮನೆಯ ಮಗಳು ಫರ್ಹಾನಾ ಮುಂದಿನ ಕೋಣೆಯಲ್ಲಿ ಹೆಣ್ಣುಮಕ್ಕಳಿಗೆ ಕಂಪ್ಯೂಟರ್ ಕಲಿಸುತ್ತಿದ್ದಳು. ತಾಯಿಯೊಡನೆ ನವಾಯತಿಯಲ್ಲಿ ಮಾತಾಡುತ್ತಿದ್ದವಳು ನನ್ನ ಕಡೆ ತಿರುಗಿ ಕನ್ನಡದಲ್ಲಿ ಕೇಳಿದಳು: “ನೀವು ಮೀನುಗಾರರ ಪೈಕಿಯಾ ಅಕ್ಕಾ?”

“ಅಲ್ಲವಾ, ನಾವು ಹಾವೇರಿ ಕಡೆಯವರು. ಯಾಕ?”

ಅವಳು ವೆಬ್‌ಸೈಟ್ ತೆರೆದು, ಇಂಗ್ಲಿಷ್ ಬಾರದ ನನಗೆ ಒಂದೊಂದೇ ಸಾಲು ಕನ್ನಡದಲ್ಲಿ ಹೇಳಿದಳು. ನಾನು ಅಘನಾಶಿನಿಯ ದಡದಲ್ಲಿ ಹುಟ್ಟಿ ಬೆಳೆದ ಮೀನುಗಾರರ ಹೆಂಗಸಂತೆ. ‘ಪುಂಡಿ’ ಎಂದರೆ ಕಡಲ ತೀರದ ಪುರಾತನ ಗಂಟಿನ ಹೆಸರಂತೆ. ಒಂದು ವರ್ಷದಿಂದ ನನ್ನ ಮುಖದ ಕೆಳಗೆ ಇನ್ನೊಬ್ಬಳ ಬಾಳು ಬರೆದಿತ್ತು. ನಾನು ಅದನ್ನು ಬಂದವರಿಗೆಲ್ಲ ಹೆಮ್ಮೆಯಿಂದ ತೋರಿಸಿದ್ದೆ.

“ಇದು ತಪ್ಪೈತಿ, ಅಳಸಿಬಿಡವಾ,” ಎಂದೆ.

“ನಂಗೆ ಆಗುದಿಲ್ಲ ಅಕ್ಕಾ. ನಿಮಗೂ ಆಗುದಿಲ್ಲ.” ಅವಳು ಇನ್ನೊಂದು ಪುಟ ತೆರೆದಳು. ಯಾವ ವೆಬ್‌ಸೈಟಿನ ಹೆಸರು ಯಾರದೆಂದು ತೋರಿಸುವ ಪುಟವದು. “ನೋಡಿ, ಈ ಹೆಸ್ರು ತಕ್ಕೊಂಡವರು ವಿನಾಯಕ ಅಂತ ಉಂಟು. ನಿಮ್ಮ ಹೆಸ್ರು ಎಲ್ಲಿಯೂ ಇಲ್ಲ.”

ಮರುದಿನ ಬೆಳಿಗ್ಗೆಯೇ ಕುಮಟಾಕ್ಕೆ ಹೋದೆ. ವಿನಾಯಕ ಕೋಪಿಸಿಕೊಳ್ಳಲಿಲ್ಲ. “ಹಾಂಗೆ ಬರೆಯದಿದ್ರೆ ಯಾರು ತಕ್ಕೊಳ್ತ್ರು ಶಾಂತಕ್ಕ? ಕಡಲ ಬದೀಗೆ ಬಂದವ್ರಿಗೆ ಕಡಲಿನ ಕತೆಯೇ ಬೇಕು.”

“ಕತಿ ನೀವ ಇಟ್ಕೋರಿ. ಆ ಹೆಸರು ನನ್ನ ಹೆಸರಿಗೆ ಮಾಡಿಕೊಡ್ರಿ.”

“ಮಾಡಿಕೊಟ್ರೆ ನಾಳೆ ನೀವು ಯಾರು, ನಾನು ಯಾರು. ಸೈಟ್ ಕಟ್ಟಿದವ ನಾನು, ಪತ್ರ ಬರೆದವ ನಾನು. ನೀವು ಹೆಣೆದದ್ದು, ಅಷ್ಟೇ.”

ಅವರ ಮಾತಿನಲ್ಲಿ ಸುಳ್ಳಿರಲಿಲ್ಲ. ಅದೇ ನನ್ನನ್ನು ಕಟ್ಟಿಹಾಕಿತು. ಸರಕಾರದ ಪತ್ರದಲ್ಲಿ ನಾನೇ ಮಾಲಕಿ, ಆದರೆ ಅದರ ವಿಳಾಸ ಅವರದು. ಬೇಡಿಕೆ ಬರುವ ಬಾಗಿಲು ಅವರದು. ಬಿಟ್ಟರೆ ಬದುಕಿಲ್ಲ, ಬಿಡದಿದ್ದರೆ ನಾನಿಲ್ಲ. ಆರು ತಿಂಗಳು ಬಾಯಿ ಮುಚ್ಚಿ ಕತ್ತವನ್ನೇ ಹೆಣೆದೆ. ಗೌರಕ್ಕ ಎಂತ ಆತು ಎಂದು ಕೇಳಿದರೆ, ಏನಿಲ್ಲ ಎನ್ನುತ್ತಿದ್ದೆ. ಗಂಡ, ಊರಿಗೇ ಹೋಗೋಣವೇನು ಎಂದ. ಅಲ್ಲಿ ಹೋಗಿ ಏನು ಮಾಡುವುದು? ಹಗ್ಗ ಕಟ್ಟಲು ಅಲ್ಲಿ ಎತ್ತುಗಳೇ ಉಳಿದಿಲ್ಲ.

ಬಿಡಿಸಿಕೊಳ್ಳುವ ದಾರಿ ಫರ್ಹಾನಾ ಫೋನಿನಲ್ಲಿ ಹೇಳಿದಳು. ಹನ್ನೊಂದು ತಿಂಗಳ ಬಾಡಿಗೆ ಕರಾರು ಬರೆಸಿದರೆ ಮನೆಯವರಿಗೆ ಭಯವಿಲ್ಲ, ಅದರ ಮೇಲೆ ಸ್ವಂತ ವಿಳಾಸದಲ್ಲಿ ಹೊಸ ಹೆಸರು ಮಾಡಿಸಿಕೊಳ್ಳಿ ಎಂದು. ಗೌರಕ್ಕ ಆ ಕರಾರನ್ನು ಎರಡು ಸಲ ಓದಿಸಿ ಕೇಳಿದರು. “ಹನ್ನೊಂದು ತಿಂಗ್ಳಾದ್ಮೇಲೆ ಇದು ಸತ್ತೋಯ್ತದೆ, ಅಲ್ದಾ?” ಎಂದು ಖಾತ್ರಿ ಮಾಡಿಕೊಂಡು, “ಆತು,” ಎಂದು ಸಹಿ ಹಾಕಿದರು. ಕಚೇರಿಯ ಗುಮಾಸ್ತರು ಇನ್ನೊಂದು ಕೇಳಿದರು. ಮನೆಯಲ್ಲೇ ವ್ಯಾಪಾರವೆಂದರೆ ಇಲ್ಲಿಯ ರೇಶನ್ ಕಾರ್ಡು ಬೇಕು. ಅದಾಗಲು ಊರಿನ ಕಾರ್ಡಿನಿಂದ ಹೆಸರು ತೆಗೆಸಿದ ಪತ್ರ ತರಬೇಕು.

ಊರಿನ ಕಾರ್ಡು ಅತ್ತೆಯ ಹೆಸರಿನಲ್ಲಿತ್ತು. ಅವರೇ ಬಂದು ಹೆಬ್ಬೆಟ್ಟು ಒತ್ತಬೇಕು. ಊರಿಗೆ ಹೋಗಿ ಅವರನ್ನು ಕೇಳಿದೆ.

“ಹೆಸರು ತಗಸಾಕ ಬಂದೀಯೇನವಾ?” ಎಂದರು.

“ಕಾಗದದಾಗ ಅಷ್ಟರಿ ಅತ್ತಿ.”

“ಮೂರು ವರ್ಷದಿಂದ ನೀ ಈ ಮನ್ಯಾಗ ಇದ್ದದ್ದೂ ಕಾಗದದಾಗ ಅಷ್ಟ.” ಆದರೂ ನನ್ನ ಜೊತೆ ತಾಲೂಕು ಕಚೇರಿಗೆ ಬಂದು ಹೆಬ್ಬೆಟ್ಟು ಒತ್ತಿದರು. ನನ್ನ ಮತ್ತು ಗಂಡನ ಹೆಸರಿನ ಮೇಲೆ ಕೆಂಪು ಶಾಯಿಯ ಗೆರೆ ಬಿತ್ತು. ಬುತ್ತಿಗೆ ರೊಟ್ಟಿ, ಪುಂಡಿಪಲ್ಯ ಕಟ್ಟಿಕೊಟ್ಟಿದ್ದರು. ಬಸ್ಸಿನಲ್ಲಿ ಬಿಚ್ಚಲು ಕೈ ಬರಲಿಲ್ಲ.

ಮಿರ್ಜಾನದ ಕಾರ್ಡು ಕೈಗೆ ಬರಲು ನಾಲ್ಕು ತಿಂಗಳು ಹಿಡಿಯಿತು. ಅಷ್ಟು ದಿನ ನಮ್ಮ ಹೆಸರು ಘಟ್ಟದ ಮೇಲೂ ಇರಲಿಲ್ಲ, ಕೆಳಗೂ ಇರಲಿಲ್ಲ. ಕಾರ್ಡು ಬಂದ ವಾರ ಭಟ್ಕಳಕ್ಕೆ ಹೋದೆ. ಹೊಸ ಹೆಸರು ಏನೆಂದು ಫರ್ಹಾನಾ ಕೇಳಿದಾಗ, ಊರಿನಲ್ಲಿ ನನ್ನನ್ನು ಕರೆಯುವ ಹಾಗೆ ‘ಶಾಂತವ್ವ’ ಎಂದೆ. ಅವಳು ಹುಡುಕಿ, “ಖಾಲಿ ಉಂಟು,” ಎಂದಳು. ಒಡೆಯರ ಹೆಸರು ಕೇಳುವ ಜಾಗದಲ್ಲಿ ಅವಳು ಬೆರಳು ಹಿಡಿದು ತೋರಿಸಿದ ಅಕ್ಷರಗಳನ್ನು ನಾನೇ ಒತ್ತಿದೆ. ವಿನಾಯಕರ ‘ಪುಂಡಿ’ ಈಗಲೂ ಇದೆ. ಬೇಡಿಕೆಗಳೂ ಬಹುಪಾಲು ಅಲ್ಲಿಗೇ ಹೋಗುತ್ತವೆ. ಯಾರೋ ಬೇರೆಯವರು ಹೆಣೆಯುತ್ತಾರೆ. ನನಗೆ ತಿಂಗಳಿಗೆ ಒಂದೆರಡು ಬಂದರೆ ಹೆಚ್ಚು. ಆದರೆ ಹೆಣೆಯುವುದು ನಾರಿನಲ್ಲೇ.

ನೋಂದಣಿ ಪತ್ರ ಅಂಚೆಯಲ್ಲಿ ಬಂದ ದಿನ ಗೌರಕ್ಕ ಅದನ್ನು ಇಸಿದುಕೊಂಡು ಅಕ್ಷರ ಕೂಡಿಸಿ ಓದಿದರು. “ಶಾಂತವ್ವ... ಇದ್ಯಾರು? ನೀನೆಯಾ?”

“ನಾನ ಅಕ್ಕಾ.”

ಇಲ್ಲಿಗೆ ಬಂದ ಮೇಲೆ ಗಂಡನಲ್ಲದ ಒಬ್ಬರ ಬಾಯಲ್ಲಿ ಆ ಹೆಸರು ಕೇಳಿದ್ದು ಅದೇ ಮೊದಲು. ಸಂತೋಷ ತಡೆಯಲಾರದೆ ಬೂತಿಗೆ ಹೋಗಿ ಊರಿಗೆ ಫೋನು ಮಾಡಿದೆ. ಅತ್ತೆ ಎತ್ತಿಕೊಂಡರು. ನನ್ನ ದನಿ ಕೇಳಿ, “ಯಾರು, ಮಿರ್ಜಾನದಾಕಿಯೇನ?” ಎಂದರು.

“ಹೌದ್ರಿ ಅತ್ತಿ,” ಎಂದೆ.