ಕೊಂಬಿನ ಹಿಡಿಯ ಚಾಕು

ಸೀರೆ ಬೇಡ, ಚಾಕು ತರಿಸಿಕೊಡಿ ಎಂದು ಗಂಡನನ್ನು ಕೇಳಿದ ಹೆಂಗಸು ತುಮಕೂರಿನಲ್ಲಿ ನಾನೊಬ್ಬಳೇ ಇರಬೇಕು. ಶಿರಾ ಗೇಟ್ ಹತ್ತಿರ ನಮ್ಮದೊಂದು ಹಾರ್ಡ್‌ವೇರ್ ಅಂಗಡಿ. ಯಾವುದೋ ಫ್ಯಾಕ್ಟರಿಗೆ ಮಿಷನ್ ಜೋಡಿಸಲು ಬಂದಿದ್ದ ಫ್ರಾನ್ಸಿನವರೊಬ್ಬರು ನಟ್ಟು ಬೋಲ್ಟಿಗೆಂದು ಅಲ್ಲಿಗೆ ಬಂದು ಹೋಗಿ ಮಾಡುತ್ತಿದ್ದರು. ಊರಿಗೆ ಹೊರಡುವಾಗ ತಮ್ಮ ಜೇಬಿನ ಮಡಚುವ ಚಾಕುವನ್ನು ನಮ್ಮ ಯಜಮಾನರಿಗೆ ಕೊಟ್ಟು ಹೋದರು. ಯಜಮಾನರು ಅದನ್ನು ತಂದು ಅಡುಗೆ ಕಟ್ಟೆಯ ಮೇಲಿಟ್ಟು, "ಈರುಳ್ಳಿ ಹೆಚ್ಚಕ್ಕಾಗುತ್ತೆ, ಇಟ್ಕೊ" ಅಂದರು. ನಾನು ಒಂದು ಈರುಳ್ಳಿಯನ್ನೂ ಹೆಚ್ಚಲಿಲ್ಲ. ಅಕ್ರೋಟ್ ಮರದ ಅದರ ಹಿಡಿ ನನ್ನ ಅಂಗೈ ನೋಡಿಯೇ ಮಾಡಿಸಿದ ಹಾಗಿತ್ತು.

ಈಗ ನನ್ನ ಹತ್ತಿರ ಅಂಥವು ನಾಲ್ಕಿವೆ. ಎರಡನೆಯದು ಆಲಿವ್ ಮರದ್ದು, ಮೈತುಂಬ ಕಂದು ಗೆರೆ. ಮೂರನೆಯದರ ಕತ್ತಿನಲ್ಲಿ ಒಂದು ಉಂಗುರವಿದೆ. ಬ್ಲೇಡ್ ತೆರೆದು ಅದನ್ನು ತಿರುಗಿಸಿಬಿಟ್ಟರೆ ಚಾಕು ಬೆರಳ ಮೇಲೆ ಮಡಚಿಕೊಳ್ಳುವ ಭಯವಿಲ್ಲ. ನಾಲ್ಕನೆಯದು ಜೂನಿಪರ್ ಎಂಬ ಮರದ್ದು, ಮೂಗಿಗೆ ಹಿಡಿದರೆ ಗಂಧಕ್ಕೆ ಮೆಣಸು ಸೇರಿಸಿ ತೇಯ್ದ ಹಾಗೆ ಘಮ್ಮೆನ್ನುತ್ತದೆ. ಗುಬ್ಬಿ ಕಡೆಯ ಸಿ.ಎಸ್. ಪುರ ನನ್ನ ತವರು. ಅಲ್ಲಿಂದ ಬರುವ ಕೊಬ್ಬರಿ ಎಣ್ಣೆಯನ್ನು ಹತ್ತಿಯಲ್ಲಿ ಅದ್ದಿ ಹಿಡಿಗಳಿಗೆ ಸವರುತ್ತೇನೆ. "ನನ್ ತಲೆಗೊಂದಿನ ಹಚ್ಚಿದೀಯೇನೇ ಹಿಂಗೆ?" ಎನ್ನುತ್ತಾರೆ ಯಜಮಾನರು. ಆಡಿಕೊಂಡರೂ ತರಿಸಿಕೊಡುತ್ತಾರೆ. ದೇವರು ನನಗೆ ಕಡಿಮೆಯೇನೂ ಮಾಡಿಲ್ಲ. ದೀಪ ಹಚ್ಚುವಾಗ ಇದನ್ನೆಲ್ಲ ನೆನೆದು ಕೈಮುಗಿಯುತ್ತೇನೆ. ಆದರೆ ಕೈಮುಗಿದು ಮುಗಿಯುವುದರೊಳಗೆ ನನ್ನ ತಂಗಿಯ ಹತ್ತಿರ ಇರುವ ಚಾಕು ನೆನಪಾಗುತ್ತದೆ.

ತಂಗಿಯನ್ನು ಕುಣಿಗಲ್ ಹತ್ತಿರದ ಕೊತ್ತಗೆರೆಗೆ ಕೊಟ್ಟಿದೆ. ಅವಳ ಗಂಡ ಹಿಂದೆ ಕುದುರೆ ಸಾಕುವ ಕಡೆ ಕೆಲಸಕ್ಕಿದ್ದ. ಫ್ರಾನ್ಸಿನಿಂದ ಕುದುರೆ ನೋಡಲು ಬಂದ ಡಾಕ್ಟರು ಅವನ ಚಾಕರಿ ಮೆಚ್ಚಿ ಅದನ್ನು ಕೊಟ್ಟರಂತೆ. ಅದರ ಹಿಡಿ ಕೊಂಬಿನದು. ಜೇನುತುಪ್ಪದ ಬಣ್ಣ, ಒಂದು ತುದಿಯಲ್ಲಿ ಹಾಲು ಬಿದ್ದಂತೆ ಬಿಳುಪು. ಬೆನ್ನಿನ ಸ್ಪ್ರಿಂಗಿನ ಮೇಲೆ ಪುಟ್ಟ ಜೇನುನೊಣ, ಪಕ್ಕದಲ್ಲಿ ಹಿತ್ತಾಳೆ ಚುಕ್ಕಿಗಳ ಶಿಲುಬೆ. ಬೆಟ್ಟದಲ್ಲಿ ಕುರಿ ಕಾಯುವ ಅಲ್ಲಿನವರು, ಚರ್ಚು ದೂರವೆಂದು, ಚಾಕುವನ್ನು ರೊಟ್ಟಿಗೆ ನೆಟ್ಟು ಆ ಚುಕ್ಕಿಗಳಿಗೇ ಪ್ರಾರ್ಥನೆ ಮಾಡುತ್ತಿದ್ದರಂತೆ. ಮೊಬೈಲಿನಲ್ಲಿ ನೋಡಿ ನೋಡಿ ಇದನ್ನೆಲ್ಲ ತಿಳಿದುಕೊಂಡವಳು ನಾನು. ಇದ್ಯಾವುದೂ ಗೊತ್ತಿಲ್ಲದ ತಂಗಿ ಅದರಲ್ಲಿ ಬಾಳೆಹಣ್ಣು ಹೆಚ್ಚಿ, ತೊಳೆದು, ಸೌಟುಗಳ ಜೊತೆ ಸಿಕ್ಕಿಸಿಡುತ್ತಾಳೆ. ಚಿಕ್ಕಂದಿನಿಂದಲೂ ಅಷ್ಟೇ. ಅವಳಿಗೆ ಕೇಳದೆಯೇ ಸಿಗುತ್ತಿತ್ತು. ನನಗೆ ಕೇಳಿದ ಮೇಲೆ, ಅದೂ ಅದರಂಥದ್ದು ಇನ್ನೊಂದು.

ಹೋದ ವರ್ಷ ಆಯುಧಪೂಜೆಯ ದಿನ ಅಂಗಡಿಯ ಪೂಜೆ ಬೇಗ ಮುಗಿಯಿತು. ನಾನು ನಾಲ್ಕೂ ಚಾಕುಗಳನ್ನು ರೇಷ್ಮೆ ಬಟ್ಟೆಯಲ್ಲಿ ಸುತ್ತಿ ಬ್ಯಾಗಿಗೆ ಹಾಕಿಕೊಂಡು ಕೊತ್ತಗೆರೆಗೆ ಹೋದೆ. ಅವಳ ಒಂದರ ಪಕ್ಕ ನನ್ನ ನಾಲ್ಕನ್ನೂ ಇಟ್ಟು ನೋಡುವ ಆಸೆ. ನೋಡಿದೆ. ಟ್ರ್ಯಾಕ್ಟರಿನ ಮುಂದೆ ಕುಡುಗೋಲು, ಮಚ್ಚು, ಗುದ್ದಲಿಗಳ ಸಾಲಿನಲ್ಲಿ ನನ್ನವು ಮರದ ತುಂಡುಗಳ ಹಾಗೆ ಮಲಗಿದ್ದವು. ತಂಗಿ ರಸಾಯನಕ್ಕೆ ಬಾಳೆಹಣ್ಣು ಹೆಚ್ಚಿ ಮುಗಿಸಿ ತನ್ನದನ್ನು ತಂದು ಅವುಗಳ ಪಕ್ಕ ಇಟ್ಟಳು. ಬಿಸಿಲು ಬಿದ್ದು ಆ ಹಿಡಿ ಒಳಗಿನಿಂದ ಬೆಳಗಿತು. ನಾನು ಬಗ್ಗಿ ಹತ್ತಿರದಿಂದ ನೋಡಿದೆ.

ಆಗ ಹೊಳೆಯಿತು. ಎಮ್ಮೆಯ ಕೊಂಬಾದರೆ ಕಪ್ಪಗಿರುತ್ತದೆ, ಇದು ಹಸುವಿನದೇ. ಅಷ್ಟು ಹೇಳಿಬಿಟ್ಟರೆ, ಅದರಲ್ಲಿ ನೈವೇದ್ಯದ ಹಣ್ಣು ಹೆಚ್ಚುವ ಇವಳು ಹೆದರಿ, ನೀನೇ ತಗೊಂಡು ಹೋಗಕ್ಕ ಎನ್ನುತ್ತಾಳೆ. ಆಮೇಲೆ ನನಗೂ ದೋಷವಲ್ಲವೇ ಎಂಬ ಯೋಚನೆ ಬಾರದಿರಲಿಲ್ಲ. ಮನೆದೇವರಿಗೆ ಒಂದು ಅಭಿಷೇಕ ಮಾಡಿಸಿದರಾಯಿತು ಎಂದುಕೊಂಡೆ.

"ಲೇ, ಇದು ಯಾತರ ಕೊಂಬು ಗೊತ್ತೇನೇ?"

"ಪ್ಲಾಸ್ಟಿಕ್ ಅನ್ಕಂಡಿದ್ದೆ ಕಣಕ್ಕ."

ಪ್ಲಾಸ್ಟಿಕ್ಕಂತೆ! "ಹಸಿಂದು ಕಣೇ. ಹಸಿನ ಕೊಂಬು."

ತಂಗಿಯ ಮುಖ ಬಿಳಿಚಿಕೊಂಡಿತು. ಕೈ ಬಟ್ಟೆಗೆ ಒರೆಸಿಕೊಂಡಳು. ನಾನು ರೇಷ್ಮೆ ಬಟ್ಟೆಯನ್ನು ಬಿಡಿಸಿ ಹಿಡಿದೆ. ಅಷ್ಟರಲ್ಲಿ ಹೂ ಕಟ್ಟುತ್ತಾ ಜಗುಲಿಯಲ್ಲಿ ಕುಳಿತಿದ್ದ ಅವಳ ಅತ್ತೆ ದನಿಯೆತ್ತಿದರು.

"ಏನಂದೆ ಮಗ? ಹಸಿನ ಕೊಂಬಾ?"

"ಹೂಂ ಕಣಮ್ಮ. ಮನೇಲಿ ಇಟ್ಕಬಾರದೇನೋ."

"ಯಾಕ್ ಇಟ್ಕಬಾರದು? ಸಂಕ್ರಾಂತೀಲಿ ಕೊಂಬಿಗೆ ಬಣ್ಣ ಬಳ್ದು, ಕುಂಕುಮ ಇಟ್ಟು ಕೈ ಮುಗಿಯಲ್ವಾ ನಾವು?" ಎದ್ದು ಬಂದು ಸೊಸೆಯ ಕಡೆ ತಿರುಗಿದರು. "ಗೋಮಾತೆ ಕೊಂಬ ಸೌಟಿನ ಜೊತೆ ಸಿಗಾಕಿದ್ದೀಯಲ್ಲೇ, ನಿನಗೇನ್ ಬಂದಿತ್ತೇ ರೋಗ? ತತ್ತಾ ಇಲ್ಲಿ!"

ಚಾಕು ಎತ್ತಿಕೊಂಡು ಹೋಗಿ ಕೊಡದ ನೀರಿನಲ್ಲಿ ಅದ್ದಿಯೇಬಿಟ್ಟರು. "ನೀರು ಬೇಡ ಕಣಮ್ಮ, ಕೊಂಬು ಸೊಟ್ಟಗಾಗುತ್ತೆ!" ಎಂದು ನಾನು ಕೂಗುವಷ್ಟರಲ್ಲಿ ಜೇನುನೊಣದ ಮೇಲೆ ಅರಿಶಿನ, ಶಿಲುಬೆಯ ಮೇಲೆ ಕುಂಕುಮ ಬಿದ್ದಾಗಿತ್ತು. ಚಾಕು ನೇರವಾಗಿ ದೇವರ ಗೂಡಿಗೆ ಹೋಗಿ ಗಣಪತಿಯ ಬಲಗಡೆ ಕುಳಿತಿತು. ಇನ್ನು ಅದನ್ನು ಯಾವ ಬಾಯಲ್ಲಿ ಕೇಳುವುದು? ಸೌಟಿನ ಪಕ್ಕ ಇದ್ದದ್ದನ್ನು ಕೇಳಬಹುದಿತ್ತು. ದೇವರ ಪಕ್ಕದಿಂದ ಹೇಗೆ ಕೇಳಲಿ?

"ಒಳ್ಳೇದೇ ಹೇಳ್ದೆ ಬುಡಕ್ಕ," ಅಂದಳು ತಂಗಿ, ಮುಖಕ್ಕೆ ಮತ್ತೆ ಬಣ್ಣ ಬಂದಿತ್ತು. "ಆದ್ರೆ ಈಗ ಹಣ್ಣು ಕುಯ್ಯಕ್ಕೆ ನನಗೇನೂ ಇಲ್ವಲ್ಲ. ನಿನ್ನವು ಮರದ್ದು, ಯಾವ ತಾಪತ್ರಯನೂ ಇಲ್ಲ. ಒಂದು ಕೊಡು."

ಕೇಳಿದ್ದು ಹಬ್ಬದ ದಿನ, ಅದೂ ಒಡಹುಟ್ಟಿದವಳು. ಅವಳು ಒಂದೊಂದನ್ನೇ ಎತ್ತಿ ನೋಡಿದಳು. ನಾಲ್ಕನೆಯದನ್ನು ಮೂಗಿಗೆ ಹಿಡಿದು, "ಅಯ್ಯೋ, ಎಷ್ಟು ಚೆನ್ನಾಗಿ ಘಮ್ ಅಂತೈತೆ!" ಅಂದಳು. ಆರಿಸುವುದನ್ನು ಮಾತ್ರ ಅವಳಿಗೆ ಯಾರೂ ಹೇಳಿಕೊಡಬೇಕಿಲ್ಲ. ನಮ್ಮಲ್ಲಿ ಚಾಕುವನ್ನು ಕೈಯಿಂದ ಕೈಗೆ ಕೊಡುವುದಿಲ್ಲ, ಜಗಳವಾಗುತ್ತದೆಂದು. ಹಾಗಾಗಿ ಅವಳ ಕೈಯಿಂದ ಕೆಳಗಿಡಿಸಿ, ನಾನು ಮುಟ್ಟಿ, ಮತ್ತೆ ನೆಲಕ್ಕಿಟ್ಟೆ. ಅವಳು ಮರೆಯಲಿ ಎಂದು ರಸಾಯನದ ಮಾತೆತ್ತಿದೆ. ಅವಳು ಮರೆಯಲಿಲ್ಲ.

ಈಗ ಅವಳ ಹತ್ತಿರ ಎರಡು, ನನ್ನ ಹತ್ತಿರ ಮೂರು. ಜೂನಿಪರ್ ಇಟ್ಟಿದ್ದ ಬಟ್ಟೆಯ ಮಡಿಕೆಯಲ್ಲಿ ಇನ್ನೂ ಸ್ವಲ್ಪ ವಾಸನೆ ಉಳಿದಿದೆ.

ನೀರಿಗೆ ಅದ್ದಿದ್ದಕ್ಕೋ ಏನೋ, ಕೊಂಬಿನ ಹಿಡಿ ಒಣಗಿ ಮಂಕಾಗತೊಡಗಿತು. ತಂಗಿ ಫೋನು ಮಾಡಿ ಏನು ಮಾಡುವುದೆಂದು ಕೇಳಿದಳು. ಎಣ್ಣೆ ಸವರಬೇಕು, ಅದು ಎಲ್ಲರಿಗೂ ಬರುವ ಕೆಲಸವಲ್ಲ, ನಾನೇ ಬರುತ್ತೇನೆ ಅಂದೆ. ಅಂದಿನಿಂದ ಕೊತ್ತಗೆರೆಗೆ ಹೋದಾಗಲೆಲ್ಲ ಆ ಕೆಲಸ ನನ್ನದು. ಬಾಟಲಿ, ಹತ್ತಿ ಹಿಡಿದುಕೊಂಡು ದೇವರ ಗೂಡಿನ ಮುಂದೆ ಕೂರುತ್ತೇನೆ. ಅವಳ ಅತ್ತೆ ಜಗುಲಿಯಿಂದಲೇ ಕೇಳುತ್ತಾರೆ: "ಮಗ, ತಲೆಗೆ ಸ್ನಾನ ಮಾಡ್ಕಂಡು ಬಂದಿದ್ದೀಯಾ?"

"ಹೂಂ ಕಣಮ್ಮ."

"ಹಂಗಾದ್ರೆ ಮುಟ್ಟು."

ಮುಟ್ಟುತ್ತೇನೆ. ಕೊಂಬು ಎಣ್ಣೆ ಹೀರುವವರೆಗೂ ಅದು ನನ್ನ ಅಂಗೈಯಲ್ಲಿರುತ್ತದೆ. ಬೇಗ ಹೀರದಿರಲಿ ಎಂದು ಗಣಪತಿಯನ್ನು ಕೇಳಿಕೊಳ್ಳುತ್ತೇನೆ. ಇಲ್ಲಿಯವರೆಗೆ ಅಷ್ಟನ್ನು ಅವನು ನಡೆಸಿಕೊಟ್ಟಿದ್ದಾನೆ.