ಚಪ್ಪಲಿ ಸ್ಟ್ಯಾಂಡಿನ ಮೇಲೆ ನಿಮ್ಮಪ್ಪ

ಪುಟ್ಟಿ, ಗುಂಡ, ಎದುರಿಗೆ ಕೂತು ಹೇಳಲು ನಿಮ್ಮಜ್ಜಿಗೆ ನಾಚಿಕೆ. ಹಳ್ಳಿ ಶಾಲೆಯಲ್ಲಿ ಕಲಿತ ಅಕ್ಷರದಲ್ಲಿ ಬರೆಯುತ್ತಿದ್ದೇನೆ.

ಕಳೆದ ತಿಂಗಳು ನಿಮ್ಮಪ್ಪನನ್ನು ನಾನು ಆಚೆ ಹಾಕಿದ್ದನ್ನು ನೀವು ನೋಡಿದಿರಿ. ಏಳರ ಮಗ್ಗಿಯಲ್ಲಿ ತಡವರಿಸಿದನೆಂದು ಅವನು ಗುಂಡನ ಕೆನ್ನೆಗೆ ಬಾರಿಸಿದ್ದ. ಕೇಳಿದರೆ, "ಹೊಡೀಲಿಲ್ಲಮ್ಮ, ಸುಮ್ನೆ ಮುಟ್ಟಿದೆ," ಎಂದ. ಕೆನ್ನೆಯ ಮೇಲೆ ಐದು ಬೆರಳೂ ರುಜು ಹಾಕಿದ್ದವು.

ಬನಶಂಕರಿಯ ವಠಾರದಲ್ಲಿದ್ದಾಗಿನಿಂದ ನಮ್ಮ ಮನೆಯ ಕಾನೂನು ಒಂದೇ: ಸುಳ್ಳು ಹೇಳಿದವರು ಹೊಸಿಲಾಚೆ, ನಿಜ ಹೇಳುವ ತನಕ. ಜೆ.ಪಿ. ನಗರದ ಫ್ಲ್ಯಾಟಿಗೆ ಬಂದರೂ ಅದನ್ನು ಯಾರೂ ರದ್ದು ಮಾಡಿರಲಿಲ್ಲ. ನಲವತ್ತೆರಡು ವರ್ಷದ ನಿಮ್ಮಪ್ಪ ತೆಪ್ಪಗೆ ಹೋಗಿ ಚಪ್ಪಲಿ ಸ್ಟ್ಯಾಂಡಿನ ಮೇಲೆ ಕೂತ. ನಾನು ಬಾಗಿಲು ಹಾಕಿದೆ. ನಿಮ್ಮಮ್ಮ ಇನ್ನೂ ಆಫೀಸಿನಿಂದ ಬಂದಿರಲಿಲ್ಲ. ಬಂದಿದ್ದರೆ ನನಗೆ ಅಷ್ಟು ಧೈರ್ಯ ಇರುತ್ತಿರಲಿಲ್ಲ.

ಲಿಫ್ಟ್ ನಿಂತ ಸದ್ದಾಯಿತು. ಎದುರು ಮನೆಯಾಕೆ, "ಯಾಕ್ ಸಾರ್, ಇಲ್ಲಿ ಕೂತಿದ್ದೀರ?" ಎಂದರು.

"ಕೀ ಮರ್ತು ಬಂದೆ ಮೇಡಂ."

"ಅದೂ ಸುಳ್ಳು. ಎರಡಾಯ್ತು," ಎಂದೆ ಒಳಗಿನಿಂದ.

ಆಕೆ ಹೋದ ಮೇಲೆ ಅವನು ಕೂಗಿದ: "ಅಮ್ಮ, ನನಗೆ ಒಂದೇ ಸಲ ಹೊಡೆದಿದ್ದು ಅಂತ ಮಕ್ಕಳ ಹತ್ರ ಹೇಳ್ತೀಯಲ್ಲ, ಅದು ಸುಳ್ಳಲ್ವಾ? ನೀನೂ ಆಚೆ ಬಾ."

ಕಾನೂನು ಕಾನೂನೇ. ಹೋಗಿ ಅವನ ಪಕ್ಕ ಕೂತೆ. ನೀವು ಚಿಲಕ ಹಾಕಿಕೊಂಡಿರಿ. ಅಲ್ಲಿ ನಾವು ಆಡಿದ್ದು ನಿಮಗೆ ಕೇಳಿಸಿರಲಿಕ್ಕಿಲ್ಲ.

"ಸೌಟಲ್ಲಿ, ಲಟ್ಟಣಿಗೇಲಿ, ಬಾಚಣಿಗೇಲೂ ಹೊಡೆದಿದ್ದೀನಿ ಕಣೋ," ಎಂದೆ. "ನಿಮ್ಮಪ್ಪ ಹೋದ್ಮೇಲೆ, ಮುಂಡೆ ಸಾಕಿದ ಮಗ ಅಂತ ಯಾರೂ ನಿನ್ನ ಆಡ್ಕೋಬಾರ್ದು ಅಂತ."

"ಆಡ್ಕೊಂಡ್ರಮ್ಮ. ಏಟೂ ತಿಂದೆ, ಅದನ್ನೂ ಅನ್ನಿಸ್ಕೊಂಡೆ."

ಇಷ್ಟು ವರ್ಷ ಅವನು ಅದನ್ನು ನನಗೆ ಹೇಳಿರಲಿಲ್ಲ. ಅವನ ಅಂಗಿಯ ಕಾಲರ್ ಸರಿ ಮಾಡಿದೆ. ಅವನು ಕತ್ತು ಎತ್ತಿ ಮಾಡಿಸಿಕೊಂಡ. ಆಮೇಲೆ ಎದ್ದು ಬಾಗಿಲು ತಟ್ಟಿ, "ಗುಂಡ, ಹೊಡೆದೆ ಕಣೋ. ತಪ್ಪಾಯ್ತು," ಎಂದ.

ಗುಂಡ, ನೀನು ಒಳಗಿಂದಲೇ, "ಏಳರ ಮಗ್ಗಿ ಹೇಳಪ್ಪ, ತೆಗೀತೀನಿ," ಎಂದೆ.

ಅವನು ಏಳೇಳ್ಲ ನಲವತ್ತೊಂಬತ್ತರ ತನಕ ಬಂದು ನಿಂತ. ಏಳೆಂಟ್ಲ ಅವನಿಗೆ ಚಿಕ್ಕವನಿದ್ದಾಗಲೂ ಬರುತ್ತಿರಲಿಲ್ಲ. ಲಟ್ಟಣಿಗೆ ಮುರಿದದ್ದು ಅಲ್ಲೇ. ಈ ಸಲ ನಾನು ಅವನ ಕಿವಿಯಲ್ಲಿ "ಐವತ್ತಾರು" ಎಂದೆ.

"ಅಜ್ಜಿ, ಹೇಳ್ಕೊಡ್ಬಾರ್ದು," ಎಂದು ನೀನು ಗದರಿದೆ, ಪುಟ್ಟಿ. ಆದರೂ ಚಿಲಕ ತೆಗೆದಿರಿ.

ಈ ಹಾಳೆಗಳನ್ನು ಜೋಪಾನ ಮಾಡಿ. ಬೀರುವಿನಲ್ಲಿ ಬೇಡ, ಚಪ್ಪಲಿ ಸ್ಟ್ಯಾಂಡಿನಲ್ಲೇ ಇಡಿ. ಇನ್ನು ಮುಂದೆ ಆಚೆ ಕೂರುವವರಿಗೆ ಓದಲು ಏನಾದರೂ ಬೇಕಲ್ಲ.